ಬೆಳೆಯುವ ಬೆರಳು

ಬೇಳೆ ಮಿಲ್ಲಿನ ಲ್ಯಾಬಿನಲ್ಲಿ ಇನ್‌ಕ್ಯುಬೇಟರಿನ ಬಾಗಿಲು ತೆರೆದ ಭಾಗ್ಯಜ್ಯೋತಿಯ ಕೈ ಅಲ್ಲೇ ನಿಂತಿತು. ಬೆಚ್ಚಗಿನ ಆ ಪೆಟ್ಟಿಗೆಯೊಳಗೆ, ಬೂಷ್ಟು ಬೆಳೆಸುವ ಗುಲಾಬಿ ಬಣ್ಣದ ಅಗರ್ ಲೋಳೆ ತುಂಬಿದ ಗಾಜಿನ ತಟ್ಟೆಯಲ್ಲಿ, ಜೊತೆಗೆ ಕೆಲಸ ಮಾಡುತ್ತಿದ್ದ ಸಂಜುಕುಮಾರನ ಮೂರು ಬೆರಳು ಬಿಳಿ ಬೂಷ್ಟಾಗಿ ಎದ್ದಿದ್ದವು. ತೊಳೆಯದ ಕೈಯಲ್ಲಿ ಏನೇನಿರುತ್ತದೆಂದು ಮಿಲ್ಲಿನ ಹೊಸಬರಿಗೆ ತೋರಿಸಲು, ಹಣೆಗೆ ವಿಭೂತಿ ಎಳೆದುಕೊಳ್ಳುವಂತೆ ಆತ ನಗುತ್ತ ಅಗರಿನ ಮೇಲೆ ಬೆರಳೆಳೆದಿದ್ದ. ಅಂದು ಸಂಜೆಯೇ ಅಫಜಲಪುರದ ದಾರಿಯಲ್ಲಿ ಬೈಕಿನಿಂದ ಬಿದ್ದು ತೀರಿಹೋಗಿದ್ದ.

ಬೆಳೆದ ಬೂಷ್ಟನ್ನು ಎಣಿಸಿ, ಆಮೇಲೆ ಕುದಿಸಿ ಕೊಲ್ಲಬೇಕು. ಲ್ಯಾಬಿನ ರೂಢಿ ಅದು. ಆದರೆ ಮಗನ ಬಿಳಿ ಕೋಟು ಒಯ್ಯಲು ಬಂದಿದ್ದ ಅವನ ತಾಯಿ ಮಲ್ಕಮ್ಮ ಬೆನ್ನ ಹಿಂದೆಯೇ ನಿಂತಿದ್ದಳು. "ಏನವ್ವಾ ಅದು?"

ಭಾಗ್ಯಜ್ಯೋತಿಗೆ ಸುಳ್ಳು ಹೊಳೆಯಲಿಲ್ಲ. "ಅವರ ಬೆರಳಿನ ಗುರುತ್ರಿ. ಬೆರಳಿಗಿ ಹತ್ತಿದ್ದು ಬೆಳದದ."

"ಇನ್ನಾ ಬೆಳಿಯಾಕತ್ತದೇನು?"

"ಹೌದ್ರಿ."

ಮಲ್ಕಮ್ಮ ಆ ತಟ್ಟೆಯನ್ನು ಇಷ್ಟಲಿಂಗದಂತೆ ಎಡ ಅಂಗೈಯಲ್ಲಿಟ್ಟುಕೊಂಡಳು. ಸೆರಗಿನಿಂದ ಮುಚ್ಚಳ ಒರೆಸಿ, ಮೂರು ಗೆರೆಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತಾನೇ ಅದನ್ನು ಪೆಟ್ಟಿಗೆಯೊಳಗೆ ಮೆಲ್ಲಗೆ ಇಟ್ಟಳು.

"ಲಗೂ ಬಾಗಿಲಾ ಹಾಕು ಬೇ," ಎಂದಳು. "ಥಂಡಿ ಆಗ್ತದ ಅವನಿಗಿ."