ಕಸದ ಗುಡ್ಡದಲ್ಲಿ ಪ್ರಾಕ್ಟಿಕಲ್

ಬಳ್ಳಾರಿ ಸೀಮೆಯ ಬೆಟ್ಟಗಳೆಲ್ಲ ಜಲ್ಲಿಯಾಗಿ ಮುಗಿದಿದ್ದರಿಂದ ಭೂವಿಜ್ಞಾನದ ಪ್ರಾಕ್ಟಿಕಲ್ ಪರೀಕ್ಷೆ ಎಂದಿನಂತೆ ಊರಾಚೆಯ ಕಸದ ಗುಡ್ಡದಲ್ಲೇ ನಡೆಯಿತು. ಪದರಗಳನ್ನು ಮೂಸಿ ಗುರುತಿಸಬೇಕಿತ್ತು.

“ಇದ್ಯಾವ ಪದರವ್ವಾ, ಪಂಪಾವತಿ?” ಎಂದು ಗಾದಿಲಿಂಗಪ್ಪ ಮೇಷ್ಟ್ರು ಕೇಳಿದರು.

ಪಂಪಾವತಿ ಬಗ್ಗಿದಳು. ಮೂಸಿದಳು. “ಡೈಪರ್ ಪದರ ಸಾರ್,” ಎಂದವಳೇ ಪಕ್ಕಕ್ಕೆ ಹೋಗಿ ವಾಂತಿ ಮಾಡಿಕೊಂಡಳು.

“ಕರೆಕ್ಟ್. ಈಗ ಸ್ಯಾಂಪಲ್ ತಗಿ.”

ಕಣ್ಣು ಮುಚ್ಚಿ ಆ ಲೋಳೆಯೊಳಗೆ ಮೊಣಕೈವರೆಗೆ ಕೈ ತೂರಿಸಿದಳು. ಗಟ್ಟಿಯಾಗಿ, ತಣ್ಣಗೆ ಏನೋ ಸಿಕ್ಕಿತು. ಎಳೆದು ನೋಡಿದರೆ ಅಂಗೈಯಗಲದ ಕರಿಗಲ್ಲು! ಅಲ್ಲಿಯವರೆಗೆ ಅವಳು ಕಲ್ಲನ್ನು ಪಟದಲ್ಲಷ್ಟೇ ಕಂಡಿದ್ದಳು.

ಮೇಷ್ಟ್ರು ಮುಖ ಸಿಂಡರಿಸಿದರು. “ಥೂ, ಕಲ್ಲು! ಸಿಲಬಸ್ನಾಗಿಲ್ಲ, ಬಿಸಾಕು. ಇಲ್ಲಾಂದ್ರ ಫೇಲ್ ಮಾಡ್ತೀನಿ.”

“ಮಾಡ್ರಿ ಸಾರ್,” ಎಂದಳು ಪಂಪಾವತಿ. ಕುಡಿಯುವ ನೀರು ಸುರಿದು ಕಲ್ಲನ್ನು ತೊಳೆದಳು. ಕೆನ್ನೆಗೊತ್ತಿಕೊಂಡು ಗುಡ್ಡವಿಳಿದಳು.