ಎರಡಕ್ಕೂ ಒಂದೇ ಲೈನು

ಆಗಿನ್ನೂ ಇಳಕಲ್ಲಿಗೆ ಇಂಟರ್ನೆಟ್ ಬಂದ ಹೊಸತು… ಬಂದಿತ್ತು ಅನ್ನುವುದಕ್ಕಿಂತ, ಬಂದು ಬಂದು ಹೋಗುತ್ತಿತ್ತು.

ರಾಜೇಸಾಬರ ಎಸ್‌ಟಿಡಿ ಬೂತಿನಲ್ಲಿ ಒಂದು ಫೋನು, ಒಂದು ಕಂಪ್ಯೂಟರು… ಎರಡಕ್ಕೂ ಸೇರಿ ಒಂದೇ ಲೈನು.

ಇಂಟರ್ನೆಟ್ ಹಚ್ಚಿದರೆ ಮುಗಿಯಿತು, ಹೊರಗಿನಿಂದ ಯಾರೇ ಫೋನ್ ಮಾಡಿದರೂ ಎಂಗೇಜ್.

ಅವತ್ತು ಕಂಪ್ಯೂಟರ್ ಮುಂದೆ ಒಬ್ಬ ಯುವಕ. ಡಿಗ್ರಿ ಮುಗಿಸಿ, ಕೆಲಸಕ್ಕೆ ಅಲೆದು ಚಪ್ಪಲಿ ಸವೆಸಿದವನು. ಅರ್ಜಿ ಕಳಿಸಲು ಸಂಜೆ ಐದೇ ಕೊನೆ.

ಮೊನ್ನೆ ಬಂದಾಗ ಕರೆಂಟಿಲ್ಲ, ನಿನ್ನೆ ಲೈನಿಲ್ಲ. ಇವತ್ತು ಜನರೇಟರ್ ಮೇಲೆ ಎಲ್ಲ ಇದೆ… ಆದರೆ ಅರ್ಜಿಯ ಜೊತೆಗಿನ ಸರ್ಟಿಫಿಕೇಟು ಆಮೆಯ ಹಾಗೆ ಹೋಗುತ್ತಿದೆ.

ಬಾಗಿಲ ಬಳಿ ಬೆಂಚಿನ ಮೇಲೆ ಸಾವಂತ್ರೆವ್ವ ಎಂಬ ಹೆಂಗಸು ಮಧ್ಯಾಹ್ನದಿಂದ ಫೋನನ್ನೇ ನೋಡುತ್ತ ಕೂತಿದ್ದಳು.

ರಾಜೇಸಾಬರು "ಕೂಡ್ರಬೇ, ಬರ್ತೈತಿ" ಅಂದವರು, ಜನರೇಟರ್ ಎಳೆದೆಳೆದು ಸುಸ್ತಾಗಿ ಮರೆತೇಬಿಟ್ಟಿದ್ದರು.

ಯುವಕನೇ ಕೇಳಿದ, "ಯಾರ ಫೋನ್ ಬರೂದೈತಿ ಯವ್ವಾ?"

"ನಮ್ಮ ಮನಿಯವರಿಗೆ ಮಿರಜ್‌ದಾಗ ದೊಡ್ಡ ಆಪರೇಷನ್ ತಮ್ಮಾ… ಮುಗದ ಕೂಡ್ಲೆ ಹಚ್ತೀನಂದಿದ್ದ ಮೈದುನ. ಒಳ್ಳೆ ಸುದ್ದಿ ಇದ್ದಿದ್ರ ಇಷ್ಟೊತ್ತಿಗೆ ಹಚ್ಚತಿರಲಿಲ್ಲೇನು?"

ಕೈಬಳೆಗಳನ್ನು ಸೆರಗಿನೊಳಗೆ ಬಿಗಿಯಾಗಿ ಹಿಡಿದಿದ್ದಳು.

ಯುವಕನಿಗೆ ಆಗ ಹೊಳೆಯಿತು. ಫೋನು ಸುಮ್ಮನಿರುವುದು ತನ್ನಿಂದ!

ಪರದೆ ನೋಡಿದ… ಇನ್ನು ಸ್ವಲ್ಪವೇ ಬಾಕಿ. ನಡುವೆ ಕಿತ್ತರೆ ಮತ್ತೆ ಮೊದಲಿನಿಂದ.

ವೈರು ಕಿತ್ತ.

"ತಮ್ಮಾ, ನಿನ್ನ ಅರ್ಜಿ!" ರಾಜೇಸಾಬರು ಎದ್ದು ನಿಂತರು.

"ಗೊತ್ತೈತಿ ಕಾಕಾ…"

ಸ್ವಲ್ಪ ಹೊತ್ತಿಗೆ ಫೋನು ಹೊಡೆದುಕೊಂಡಿತು. ಸಾವಂತ್ರೆವ್ವ ಎತ್ತಿದಳು, ಮೈದುನನ ದನಿ:

"ಅತ್ತಿಗೀ! ಅಣ್ಣ ಕಣ್ಣ ಬಿಟ್ಟಾನ, ನಿನ್ನ ಕೇಳಾಕತ್ತಾನ! ಯಾವಾಗಿಂದ ಹಚ್ಚಾಕತ್ತೀನಿ, ಬರೇ ಎಂಗೇಜ್…"

ಸಾವಂತ್ರೆವ್ವ ಅಲ್ಲೇ ಕುಸಿದು ಕೂತು ಅತ್ತಳು. ಆಮೇಲೆ ಎದುರಿಗಿದ್ದ ಯುವಕನ ಮುಖ ಸವರಿ ನೆಟಿಗೆ ಮುರಿದು, ಮನೆಗೆ ಓಡಿದಳು.

ಅವನು ಮತ್ತೆ ಮತ್ತೆ ಪ್ರಯತ್ನಿಸಿದ. ಐದು ದಾಟಿತು… ಕನೆಕ್ಷನ್ ಸಿಗಲಿಲ್ಲ.

ಅವನು ಏನು ಕಳೆದುಕೊಂಡ ಅಂತ ಅವಳಿಗೆ ಗೊತ್ತಾಗಲೇ ಇಲ್ಲ. ಅವನೂ ಹೇಳಲಿಲ್ಲ. ಕಣ್ಣೊರೆಸಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಮರುದಿನ ಕಂಪ್ಯೂಟರಿನ ಮೇಲೆ ರಾಜೇಸಾಬರು ಬರೆದ ರಟ್ಟಿನ ಬೋರ್ಡು ನೇತಾಡುತ್ತಿತ್ತು:

"ತಾಸಿಗೊಮ್ಮೆ ಹತ್ತು ನಿಮಿಷ ಇಂಟರ್ನೆಟ್ ಬಂದ್. ಯಾರೋ ಫೋನ್ ಹಚ್ಚುತ್ತಿರಬಹುದು."

🙏 ಜಗತ್ತಿಗೆ ನಮ್ಮನ್ನು ಜೋಡಿಸುವುದು ವೈರು… ಮನುಷ್ಯರಿಗೆ ಜೋಡಿಸುವುದು, ಅದನ್ನು ಕೀಳುವ ಮನಸ್ಸು.

ದಿನವಿಡೀ ಆನ್‌ಲೈನ್ ಇರುವ ನಾವು… ಯಾರಿಗೆ ಬೆಳಗಿನಿಂದ ಎಂಗೇಜ್ ಆಗಿದ್ದೇವೆ?