ಹೆಬ್ಬೆರಳು ಅಡ್ಡ

ಕರಿಹಲಗೆಯ ಮೇಲೆ ‘ದುರ್ಗಂಧ’ ಎಂದು ಬರೆದು ಟೀಚರ್ ತಿರುಗಿದರು. ಒಬ್ಬರೂ ನಗಲಿಲ್ಲ. ಯಾವ ವರ್ಷದ ಮಕ್ಕಳಾದರೂ ಈ ಪದಕ್ಕೆ ಮೂಗು ಹಿಡಿದು ಬೆಂಚು ಕುಟ್ಟುತ್ತಿದ್ದರು. ಇವರು ಮಾತ್ರ ಟೀಚರ್ ಬೋಳು ತಲೆಯನ್ನೇ ನೋಡುತ್ತ ಗರಬಡಿದಂತೆ ಕುಳಿತಿದ್ದರು. ಆಸ್ಪತ್ರೆಯ ಚಿಕಿತ್ಸೆ ಅಷ್ಟುದ್ದದ ಜಡೆಯನ್ನು ಉಳಿಸಿರಲಿಲ್ಲ.

“ಹೊಸ ಪದ ಅಂತ ಹೆದರ್ಕೋಬೇಡಿ,” ಎಂದರು ಎಂದಿನಂತೆ. “ಮೊದಲ ತುಂಡನ್ನ ಹೆಬ್ಬೆರಳಲ್ಲಿ ಮುಚ್ಚಿ. ಏನು ಉಳೀತು?”

“ಗಂಧ,” ಎಂದಿತು ಒಂದು ಸಣ್ಣ ದನಿ.

“ಅದು ಗೊತ್ತಿರೋದೇ ತಾನೆ? ‘ದುರ್’ ಅಂದ್ರೆ ಕೆಟ್ಟದ್ದು. ಹಾಗಾದ್ರೆ ಮನೇಲಿ ಇದಕ್ಕೆ ಏನಂತೀರಿ?”

ಎಲ್ಲರ ಕಣ್ಣೂ ಮತ್ತೆ ಅವರ ತಲೆಯತ್ತಲೇ ಹೋದವು. ಇನ್ನೊಂದು ತಿಂಗಳು ರಜೆ ಹಾಕಬೇಕಿತ್ತು ಅನ್ನಿಸಿತು ಟೀಚರ್‌ಗೆ. ತರಗತಿಯ ಬಾಗಿಲಲ್ಲೇ ಧೈರ್ಯ ಮಾಡಿ ತೆಗೆದು ಒಳಗಿಟ್ಟಿದ್ದ ಟೋಪಿಗಾಗಿ ಚೀಲಕ್ಕೆ ಕೈಹಾಕಿದರು.

ಅಷ್ಟರಲ್ಲಿ ಕೊನೆಯ ಬೆಂಚಿನ ವಾಚಾಳಿ ಹುಡುಗಿ ಎದ್ದು ನಿಂತಳು. ಒಂದು ಕಣ್ಣು ಮುಚ್ಚಿ, ಕೈ ನೀಡಿ, ಟೀಚರ್ ತಲೆಗೆ ಹೆಬ್ಬೆರಳು ಅಡ್ಡ ಹಿಡಿದಳು. ಬೋಳು ಮರೆಯಾಯಿತು. ಕೆಳಗೆ ಅದೇ ದಪ್ಪ ಕನ್ನಡಕ, ಕೆನ್ನೆಯ ಅದೇ ಗುಳಿ.

“ಲೇ, ನಮ್ ಟೀಚರೇ ಕಣ್ರೋ!”

ತರಗತಿಯ ತುಂಬ ಹೆಬ್ಬೆರಳುಗಳು ಎದ್ದವು. ಯಾವುದೋ ಮೂಲೆಯಿಂದ “ನಾತ!” ಎಂದು ಕೂಗು ಬಂತು. ಬೆಂಚುಗಳು ದಡದಡ ಸದ್ದು ಮಾಡಿದವು.